ತವರಿಗೆ ಹೋದ ಶೆಟ್ಟಮ್ಮ

ನಾನು ಚಿಕ್ಕವನಿದ್ದಾಗ ಹೆದರುವುದೇ ನನ್ನ ಮುಖ್ಯ ಕೆಲಸವಾಗಿತ್ತು. ಸ್ಕೂಲು, ಆಟ, ಊಟ ಎಲ್ಲವೂ ಅದರ ನಡುವೆ ಬಿಡುವು ಸಿಕ್ಕಾಗ. ನನಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ಚಾಮರಾಜಪೇಟೆಯ ಮನೆಯ ಹಿಂದೆ ಅಪ್ಪ ಒಂದು ಹೊಸ ಕೋಣೆ ಕಟ್ಟಿಸಿದರು. ಅದರಿಂದ ಏನೇನು ಅನಾಹುತ ಆಗಬಹುದು ಎಂದು ನಾನು ಮೊದಲೇ ಯೋಚಿಸಿ ಇಟ್ಟಿದ್ದೆ. ಶೀಟಿನ ಸೂರು ಗಾಳಿಗೆ ಹಾರಿ ಯಾರದೋ ತಲೆಯ ಮೇಲೆ ಬೀಳಬಹುದು. ಗೋಡೆ ಇನ್ನೂ ಹಸಿಯಾಗಿರುವಾಗಲೇ ನಾನು ಒರಗಿಕೊಂಡು ಅದು ಉರುಳಬಹುದು. ಕಾರ್ಪೊರೇಷನ್ನಿನವರು ಬಂದು ಕೋಣೆ ಒಡೆಯಬಹುದು, ಒಡೆಯುವಾಗ ನಾನು ಒಳಗೆ ಮಲಗಿರಬಹುದು. ಪೊಲೀಸರು ಅಪ್ಪನನ್ನು ಉಪ್ಪಾರಪೇಟೆ ಸ್ಟೇಷನ್ನಿಗೆ ಕರೆದೊಯ್ಯಬಹುದು. ನನಗೆ ಹೆಸರು ಗೊತ್ತಿದ್ದ ಸ್ಟೇಷನ್ ಅದೊಂದೇ. ಕಳ್ಳ ಬರಬಹುದು. ಹಾವು ಬರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಹೆಗ್ಗಣ ಬರಬಹುದು.

ಮಳೆಯ ನೀರು ಮಾತ್ರ ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಈ ಸಲ ದಸರಾ ರಜೆಗೆ ನೀವಿಬ್ಬರೂ ಚೆನ್ನೈಯಿಂದ ಬಂದಿದ್ದಾಗ ಗೊಂಬೆಗಳ ಮುಂದೆ ಕೂತು ಒಂದು ಪ್ರಶ್ನೆ ಕೇಳಿದಿರಿ. ಅಂಗಡಿ ಇಟ್ಟುಕೊಂಡು ಕೂತ ಶೆಟ್ಟರ ಪಕ್ಕ ಅಷ್ಟು ಜಾಗ ಯಾಕೆ ಖಾಲಿ ಬಿಟ್ಟಿದ್ದಾರೆ ಎಂದು. ನನ್ನ ಅಕ್ಕ, ಅಂದರೆ ನಿಮ್ಮ ಅಮ್ಮನ ಅಮ್ಮ, ನನ್ನ ಮುಖ ನೋಡಿದಳು. ನಾನು ಹಾಲು ಉಕ್ಕುತ್ತಿದೆ ಎಂದು ಅಡಿಗೆಮನೆಗೆ ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ತಲೆ ಪೂರ್ತಿ ನರೆಯುವ ಮೊದಲೇ ನನ್ನನ್ನು ತಾತ ಎಂದು ಕರೆಯುವವರು ನೀವು. ನಿಮಗೆ ಉತ್ತರ ಕೊಡಬೇಕು.

ಆಗ ಚಾಮರಾಜಪೇಟೆಯ ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಇರುತ್ತಿತ್ತು. ಊರು ಕಟ್ಟಿದವರು ಬಿಟ್ಟ ಗಲ್ಲಿ ಅದು. ಕಸ ಒಯ್ಯುವವರು ಅಲ್ಲಿಂದ ಬರಬೇಕು, ಮಳೆಯ ನೀರು ಅಲ್ಲಿಂದ ಹೋಗಬೇಕು. ನಮಗೆ ಮಕ್ಕಳಿಗೆ ಅದು ಗೋಲಿ ಆಡುವ ಜಾಗ. ಅಲ್ಲಿ ಯಾವಾಗಲೂ ಒದ್ದೆ ಕಲ್ಲಿನ, ಕೊಳೆತ ಪರಂಗಿ ಹಣ್ಣಿನ, ಸೀಗೆಪುಡಿ ಬೆರೆತ ಬಚ್ಚಲು ನೀರಿನ ವಾಸನೆ. ಪಕ್ಕದ ಮನೆ ಅಜ್ಜಿಯ ಹಿತ್ತಿಲಿನಿಂದ ನಮ್ಮ ಹಿತ್ತಿಲಿನ ಕಡೆಗೆ ಗಲ್ಲಿ ಇಳಿಜಾರಾಗಿತ್ತು. ಮಳೆ ಬಂದರೆ ನೀರು ಅವರ ಮನೆಯ ಹಿಂದೆ ಹಾದು, ನಮ್ಮ ಮನೆಯ ಹಿಂದೆ ಹಾದು, ಬೀದಿ ಕೊನೆಯ ದೊಡ್ಡ ಮೋರಿಗೆ ಸೇರುತ್ತಿತ್ತು.

ಆ ವರ್ಷ ಊರಿನಿಂದ ಚಿಕ್ಕಪ್ಪ ಬಂದರು. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಅವರ ಜೊತೆ ಚಿಕ್ಕಮ್ಮ, ಇಬ್ಬರು ಮಕ್ಕಳು, ಒಂದು ಹೊಲಿಗೆ ಮೆಷಿನ್. ನಮ್ಮ ಬೀದಿಯ ಎಲ್ಲ ಮನೆಗೂ ಆಗ ಯಾರಾದರೊಬ್ಬರು ಬರುತ್ತಿದ್ದರು; ಎಲ್ಲ ಮನೆಗೂ ಒಂದು ಕೋಣೆ ಕಡಿಮೆ ಬೀಳುತ್ತಿತ್ತು. ಕೋಣೆ ಎಲ್ಲಿಂದ ಬರಬೇಕು. ಕೆಲವರು ಮೇಲಕ್ಕೆ ಕಟ್ಟಿದರು, ಕೆಲವರು ಹಿಂದಕ್ಕೆ. ಅಪ್ಪ ಹಿಂದಕ್ಕೆ ಕಟ್ಟಿದರು, ಗಲ್ಲಿಯ ಅಗಲಕ್ಕೂ ಅಡ್ಡವಾಗಿ.

ಪಕ್ಕದ ಮನೆ ಅಜ್ಜಿ ಜಗಳ ಆಡಲಿಲ್ಲ. ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತು ಕೇಳಿದರು. “ಅಲ್ಲಪ್ಪ, ನೀರು ಎಲ್ಲಿ ಹೋಗತ್ತೆ?”

“ಪೈಪು ಹಾಕಿಸ್ತಿದೀನಮ್ಮ, ಕೋಣೆ ಕೆಳಗೆ. ದೊಡ್ಡ ಸಿಮೆಂಟ್ ಪೈಪು. ಆನೆ ಬಂದ್ರೂ ನುಸುಳತ್ತೆ.”

“ಆನೆ ಬರೋದು ಬೇಡ, ನೀರು ಹೋದ್ರೆ ಸಾಕು,” ಎಂದರು ಅಜ್ಜಿ.

ಆನೆಯ ಮಾತು ಕೇಳಿ ನನ್ನ ನಿದ್ದೆ ಹಾರಿಹೋಯಿತು. ಆನೆ ನುಸುಳುವ ಪೈಪಿನಲ್ಲಿ ಹೆಗ್ಗಣ ಬರುವುದಿಲ್ಲವೆ. ನಮ್ಮ ಹಳೆಯ ಕೋಣೆ ಚಿಕ್ಕಪ್ಪನವರಿಗೆ, ಹೊಸ ಕೋಣೆ ನನಗೂ ಅಕ್ಕನಿಗೂ ಎಂದು ತೀರ್ಮಾನವಾಗಿತ್ತು. ಹಸಿ ಸುಣ್ಣದ ವಾಸನೆಯ ಆ ಕೋಣೆಯಲ್ಲಿ ಚಾಪೆಗೆ ಕಿವಿಯಿಟ್ಟು ಮಲಗಿದರೆ ಕೆಳಗಿನಿಂದ ಕೆರೆಯುವ ಸದ್ದು ಕೇಳಿಸುತ್ತಿತ್ತು. ಪೈಪಿಗೂ ಚಾಪೆಗೂ ನಡುವೆ ಅರ್ಧ ಅಡಿ ಕಾಂಕ್ರೀಟು ಇದೆ ಎಂದು ಅಕ್ಕ ಹೇಳಿದಳು. ಅದು ಹೆಗ್ಗಣಕ್ಕೂ ಗೊತ್ತಿರಬೇಕಲ್ಲ.

ಒಂದು ಭಾನುವಾರ, ಎಲ್ಲರೂ ಟೀವಿ ಮುಂದೆ ಇದ್ದಾಗ, ರಾಗಿಯ ಹಳೆಯ ಗೋಣಿಚೀಲವನ್ನು ಸುತ್ತಿ ಸುತ್ತಿ ನಮ್ಮ ಕಡೆಯ ಪೈಪಿನ ಬಾಯಿಗೆ ತುರುಕಿದೆ. ಎರಡು ಒಡಕು ಇಟ್ಟಿಗೆಯನ್ನು ಕಾಲಿನಿಂದ ಒದ್ದು ಅದರ ಮೇಲೆ ಕೂರಿಸಿದೆ. ಗೋಣಿಯ ನಾರು ಉಗುರಿನ ಸಂದಿಗೆ ಚುಚ್ಚಿ ಎರಡು ದಿನ ಉರಿಯುತ್ತಿತ್ತು. ಆದರೆ ನನ್ನ ಜೀವನದಲ್ಲಿ ನಾನು ನಿಶ್ಚಿಂತೆಯಾಗಿ ಮಲಗಿದ್ದು ಆಮೇಲಿನ ಆ ಕೆಲವು ವಾರ ಮಾತ್ರ. ಅದಕ್ಕೂ ಮೊದಲು ಇಲ್ಲ, ಆಮೇಲೂ ಇಲ್ಲ.

ಆ ನಡುವೆ ದಸರಾ ಬಂತು. ಅಜ್ಜಿಯ ಮನೆಯ ಗೊಂಬೆ ನೋಡಲು ಎರಡು ಬೀದಿಯಾಚೆಯಿಂದ ಮಕ್ಕಳು ಬರುತ್ತಿದ್ದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ. ಕೆಳಗಿನ ಮೆಟ್ಟಿಲಲ್ಲಿ ನನಗೆ ಇಷ್ಟವಾದ, ಸುಡದೆ ಬರೀ ಒಣಗಿಸಿ ಬಣ್ಣ ಬಳಿದ ಮಣ್ಣಿನ ಜೋಡಿ, ಶೆಟ್ಟರು ಮತ್ತು ಶೆಟ್ಟಮ್ಮ. ಶೆಟ್ಟರಿಗೆ ದೊಡ್ಡ ಹೊಟ್ಟೆ, ಮುಚ್ಚಿದ ಬಾಯಿ. ಶೆಟ್ಟಮ್ಮನಿಗೆ ಹಸಿರು ಸೀರೆ, ಅಗಲವಾದ ಕುಂಕುಮ, ಈಗಷ್ಟೇ ಏನೋ ತಮಾಷೆ ಕೇಳಿದವಳ ಮುಖ. ಗೇಣುದ್ದದ ಈ ಇಬ್ಬರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ರಾಗಿ, ಬೆಲ್ಲ ತುಂಬಿಸಿ ಅಂಗಡಿ ಹೂಡುವುದು ನನ್ನ ಕೆಲಸ. ಬೆಲ್ಲಕ್ಕೆ ಇರುವೆ ಬರದಂತೆ ಕಾಯುವುದೂ ನನ್ನದೇ. ಅಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ಮಡಿಲಲ್ಲಿ ಇಟ್ಟುಕೊಂಡು ತಂದ ಜೋಡಿ ಅದು. ರೈಲಿನಲ್ಲಿ ದಾರಿಯುದ್ದಕ್ಕೂ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲವಂತೆ.

ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ತಗಡಿನ ಟ್ರಂಕಿನಲ್ಲಿ ಜೋಡಿಸಿ, ಮಂಚದ ಕೆಳಗೆ ತಳ್ಳುತ್ತಿದ್ದರು. ಮಣ್ಣಿನವು ಮೇಲೆ ಇರಲಿ ಎಂದು ಅಜ್ಜಿ ಹೇಳಿದ್ದರು. ಮೇಲಿಟ್ಟರೆ ಶೆಟ್ಟಮ್ಮ ಜಾರಿ ಬಿದ್ದಾಳು ಎಂದು ನನಗೆ ಭಯ. ಅಜ್ಜಿ ಆ ಕಡೆ ತಿರುಗಿದಾಗ ಅವಳನ್ನು ಟ್ರಂಕಿನ ತಳದ ಮೂಲೆಯಲ್ಲಿ ಭದ್ರವಾಗಿ ಮಲಗಿಸಿದೆ.

ದೀಪಾವಳಿ ಕಳೆದು ಕೆಲವು ದಿನಕ್ಕೆ ರೇಡಿಯೋದಲ್ಲಿ ವಾಯುಭಾರ ಕುಸಿತ ಎಂದರು. ಮದ್ರಾಸಿನ ಕರಾವಳಿಗೆ ಚಂಡಮಾರುತ ಬರುತ್ತಿದೆಯಂತೆ. ನಾನು ಬಿಳಿಚಿಕೊಂಡದ್ದನ್ನು ಕಂಡು ಅಪ್ಪ ನಕ್ಕರು. “ಸಮುದ್ರ ಎಲ್ಲಿದೆ, ನಾವೆಲ್ಲಿದೀವಿ. ಮಲಕ್ಕೋ ಹೋಗು.”

ಸಮುದ್ರ ಬರಲಿಲ್ಲ, ಮಳೆ ಬಂತು. ಒಂದು ದಿನ ಸೋನೆ. ಎರಡನೆಯ ದಿನ ಬೆಳಿಗ್ಗೆಯಿಂದ ಶೀಟಿನ ಮೇಲೆ ಯಾರೋ ಜಲ್ಲಿ ಸುರಿಯುತ್ತಿರುವಂಥ ಸದ್ದು, ಮಾತಾಡಿದ್ದು ಕೇಳಿಸದಷ್ಟು. ಸ್ಕೂಲಿಗೆ ರಜ. ಆಫೀಸಿಗೆ ಹೊರಟಿದ್ದ ಅಪ್ಪ ಮೆಜೆಸ್ಟಿಕ್‌ನಲ್ಲಿ ಮುಂದಿನ ಬಸ್ಸು ಸಿಗದೆ ನೆನೆದುಕೊಂಡು ವಾಪಸು ನಡೆದು ಬಂದರು. ಅವರು ತಲೆ ಒರೆಸುವಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಅಜ್ಜಿ ಕೂಗಿದರು. ಅವರ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು.

ಅಜ್ಜಿಯ ಮನೆ ಹಳೆಯದು. ರಸ್ತೆಗೆ ಟಾರು ಹಾಕಿದಾಗೆಲ್ಲ ರಸ್ತೆ ಎತ್ತರವಾಗಿ, ಆ ಮನೆ ವರ್ಷ ವರ್ಷ ಕೆಳಗೆ ಹೋದಂತೆ ಕಾಣುತ್ತಿತ್ತು. ನಮ್ಮ ಕೋಣೆಯ ಗೋಡೆಗೆ ತಡೆದು ನಿಂತ ಗಲ್ಲಿಯ ನೀರು ಅವರ ಹಿತ್ತಿಲು ತುಂಬಿ, ಹಿಂಬಾಗಿಲಿನ ಹೊಸ್ತಿಲು ದಾಟಿ, ನಡುಮನೆಗೆ ಬಂದಿತ್ತು. ಟೀ ಬಣ್ಣದ ನೀರು. ಅದರ ಮೇಲೆ ಒಂದು ಚಪ್ಪಲಿ, ತೆಂಗಿನ ಗರಿಯ ತುಂಡು, ಬೆಂಕಿಪೊಟ್ಟಣ. ಅಜ್ಜಿ ಸೀರೆ ಎತ್ತಿ ಕಟ್ಟಿ ಮಂಚದ ಮೇಲೆ ಕೂತಿದ್ದರು.

“ಕಾವೇರಿ ನೀರು ಎರಡು ದಿನಕ್ಕೊಂದ್ಸಲ ಬಿಡ್ತಾರೆ ಅಂತ ಬೈಕೋತಿದ್ದೆ. ನೋಡು, ಮನೇಗೇ ಬಂದ್ಬಿಡ್ತು,” ಎಂದರು.

ಅಪ್ಪ, ಚಿಕ್ಕಪ್ಪ ಬಕೆಟ್ಟಿನಿಂದ ತೋಡಿ ಮುಂಬಾಗಿಲಿಗೆ ಎಸೆಯತೊಡಗಿದರು. ಎಸೆದಷ್ಟೂ ಹಿಂದಿನಿಂದ ಬರುತ್ತಿತ್ತು. “ಪೈಪು ಹಾಕ್ಸಿದೀನಲ್ಲ, ಯಾಕೆ ಹೋಗ್ತಿಲ್ಲ ಇದು,” ಎಂದು ಅಪ್ಪ ಮತ್ತೆ ಮತ್ತೆ ಹೇಳಿದರು. “ನಮ್ಮ ಪರಂಗಿ ಎಲೇನೇ ಸಿಕ್ಕಿಹಾಕ್ಕೊಂಡಿರ್ಬೇಕು ಬಿಡಪ್ಪ, ನಂದೇ ತಪ್ಪು,” ಎಂದರು ಅಜ್ಜಿ. ನಾನು ಬಾಗಿಲ ಬಳಿ ನಿಂತು ಮಂಚದ ಕೆಳಗೆ ನೋಡಿದೆ. ಟ್ರಂಕಿನ ತಳ ಕಾಣುತ್ತಿರಲಿಲ್ಲ.

ಆಗಲೇ ಬಾಯಿಬಿಡಬೇಕಿತ್ತು. ಹೇಳಿದರೆ ಏನೇನಾಗಬಹುದು ಎಂಬ ಪಟ್ಟಿ ಶುರುವಾಯಿತು. ಅಪ್ಪ ಹೊಡೆಯಬಹುದು. ಅಜ್ಜಿ ಕಾರ್ಪೊರೇಷನ್ನಿಗೆ ದೂರು ಕೊಡಬಹುದು. ಕೋಣೆ ಹೋಗಬಹುದು, ಕೋಣೆ ಹೋದರೆ ಚಿಕ್ಕಪ್ಪ ಹೊಲಿಗೆ ಮೆಷಿನ್ ಹೊತ್ತು ಊರಿಗೆ ಹಿಂದಿರುಗಬಹುದು. ಅಕ್ಕಿ ಬೇಯುವಷ್ಟು ಹೊತ್ತು ನಾನು ಆ ಬಾಗಿಲಲ್ಲಿ ನಿಂತು ಪಟ್ಟಿ ಮಾಡಿದೆ. ಟ್ರಂಕ್ ಎತ್ತಿ ಮಂಚದ ಮೇಲಿಡಿ ಎಂದು ಹೇಳುವುದಕ್ಕೂ ನಾಲಿಗೆ ಏಳಲಿಲ್ಲ. ಟ್ರಂಕಿನ ಮಾತೆತ್ತಿದರೆ ಪೈಪಿನ ಮಾತೂ ಬಂದುಬಿಡುತ್ತದೆ ಎಂದು ಏಕೋ ಅನ್ನಿಸಿತ್ತು.

ಕೊನೆಗೆ ಓಡಿದೆ. ನಮ್ಮ ಹಿತ್ತಿಲಿನಲ್ಲಿ ಮಂಡಿಯೂರಿ ಇಟ್ಟಿಗೆಗಳನ್ನು ಎಳೆದು ಹಾಕಿದೆ. ಗೋಣಿಚೀಲ ನೀರು ಕುಡಿದು ಊದಿಕೊಂಡಿತ್ತು. ಎರಡೂ ಕಾಲನ್ನು ಗೋಡೆಗೆ ಕೊಟ್ಟು ಎಳೆದಾಗ ಅದು ಸಡಿಲಾಗಿ, ಹಿಂದಿದ್ದ ನೀರೆಲ್ಲ ಒಮ್ಮೆಲೇ ನನ್ನ ಎದೆಗೆ ಬಡಿದು ಮಲಗಿಸಿತು. ಮೂಗಿನೊಳಗೆ, ಬಾಯೊಳಗೆ ಮಣ್ಣಿನ ರುಚಿ. ಕಣ್ಣು ಬಿಟ್ಟಾಗ ಅಕ್ಕ ಕೊಡೆ ಹಿಡಿದು ನಿಂತಿದ್ದಳು.

“ಏನೋ ಅದು?”

“ಗೋಣಿಚೀಲ.”

“ಅದು ಕಾಣ್ತಿದೆ ಕಣೋ. ಎಲ್ಲಿತ್ತು?”

ನಾನು ಪೈಪಿನ ಕಡೆ ನೋಡಿದೆ. ಅಕ್ಕ ಗೋಣಿಯನ್ನು ಎತ್ತಿಕೊಂಡು ಹೋಗಿ ದೊಡ್ಡ ಮೋರಿಗೆ ಎಸೆದು ಬಂದಳು. “ಒಳಗೆ ಹೋಗಿ ತಲೆ ಒರೆಸ್ಕೋ,” ಎಂದಳು. ಅಂದಿನಿಂದ ಇಂದಿನವರೆಗೆ ಅವಳು ಆ ಮಾತು ಎತ್ತಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆಗೆ ಅಜ್ಜಿಯ ಮನೆಯ ನೀರು ಇಳಿದಿತ್ತು. ಗೋಡೆಯ ಮೇಲೆ ಕೆಸರಿನ ಗೆರೆ ಉಳಿದಿತ್ತು. ಪೈಪು ತಾನಾಗಿ ಬಿಟ್ಟುಕೊಂಡಿತು ಎಂದು ಅಪ್ಪ ಖುಷಿಯಾಗಿದ್ದರು. ಅಜ್ಜಿ ಟ್ರಂಕ್ ಎಳೆಸಿ ಒಂದೊಂದೇ ಗಂಟು ಬಿಚ್ಚಿದರು. ಶೆಟ್ಟರು ಕ್ಷೇಮ. ರಾಜ ರಾಣಿ ಬರೀ ಒದ್ದೆ. ತಳದ ಮೂಲೆಯ ಗಂಟು ಬಿಚ್ಚಿದಾಗ ಒಂದು ಬೊಗಸೆ ಮೆತ್ತನೆಯ ಮಣ್ಣು, ಅದರಲ್ಲಿ ಹಸಿರು ಗೆರೆ, ಸ್ವಲ್ಪ ಕೆಂಪು. “ಇವಳು ಕೆಳಗೆ ಹೇಗೆ ಹೋದಳು,” ಎಂದು ಅಜ್ಜಿ ತಮಗೆ ತಾವೇ ಕೇಳಿಕೊಂಡರು. ನನ್ನ ಕಡೆ ನೋಡಲಿಲ್ಲ. ಅಥವಾ ನೋಡಬಾರದೆಂದು ನೋಡಲಿಲ್ಲವೋ ಏನೋ. ಮಣ್ಣನ್ನು ಬಟ್ಟೆಯ ಸಮೇತ ಎತ್ತಿಕೊಂಡು ಹೋಗಿ ತುಳಸಿ ಗಿಡದ ಬುಡಕ್ಕೆ ಹಾಕಿದರು, ಬಟ್ಟೆಯನ್ನು ಹಿಂಡಿ ಒಣಹಾಕಿದರು.

ಮುಂದಿನ ದಸರೆಗೆ ಅಂಗಡಿ ಹೂಡಲು ನನ್ನನ್ನೇ ಕರೆದರು. ನಾನು ಬೆಲ್ಲದ ಬಟ್ಟಲನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸರಿಸುತ್ತಿದ್ದೆ. ಯಾವುದೋ ಮಗು ಶೆಟ್ಟಮ್ಮ ಎಲ್ಲಿ ಎಂದು ಕೇಳಿತು. “ತವರಿಗೆ ಹೋಗಿದಾಳೆ, ಬರ್ತಾಳೆ,” ಎಂದರು ಅಜ್ಜಿ. ಆಮೇಲೆ ಪ್ರತಿ ವರ್ಷವೂ ಅದೇ ಉತ್ತರ. ಕೆಲವು ವರ್ಷಗಳ ನಂತರ ಆ ಮನೆ ಮಾರಿ ಹೋಗುವಾಗ ಅಜ್ಜಿ ಶೆಟ್ಟರನ್ನು ಅಕ್ಕನ ಕೈಗೆ ಕೊಟ್ಟರು, ಉತ್ತರವನ್ನೂ ಕೊಟ್ಟರು. ಈ ಸಲ ನಾನು ಅಡಿಗೆಮನೆಗೆ ಹೋದಾಗ ಅಕ್ಕ ನಿಮಗೆ ಹೇಳಿದ್ದು ಅದೇ.

ಈಗ ನಮ್ಮ ಗಲ್ಲಿ ಇಲ್ಲ. ಅಪ್ಪನನ್ನು ನೋಡಿ ಆಚೆ ಮನೆಯವರು, ಅವರನ್ನು ನೋಡಿ ಅದರಾಚೆಯವರು ಕಟ್ಟಿಕೊಂಡು, ಎಲ್ಲಿಂದ ಎಲ್ಲಿಗೆ ಗಲ್ಲಿ ಇತ್ತೆಂದು ನಾನೇ ತೋರಿಸಲಾರೆ. ಅಜ್ಜಿಯ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟು; ಒಂದು ಕರೆಗಂಟೆ ಇದ್ದಲ್ಲಿ ಹನ್ನೆರಡು. ನೀವಿರುವುದು ಸಮುದ್ರದ ಹತ್ತಿರ, ಕೆರೆಯ ನೀರು ಹರಡಿಕೊಳ್ಳುತ್ತಿದ್ದ ಬಯಲಿನಲ್ಲಿ ಕಟ್ಟಿದ ಒಂಬತ್ತನೆಯ ಮಹಡಿಯಲ್ಲಿ. ನಿಮ್ಮ ಚಂಡಮಾರುತಗಳಿಗೆ ಹೆಸರಿರುತ್ತದೆ, ಅವು ಬರುವ ಮೊದಲೇ ನಿಮ್ಮ ಅಮ್ಮನ ಫೋನು ಕೂಗುತ್ತದೆ. ಹೋದ ಸಲ ನೀವು ವಿಡಿಯೋ ಕಾಲ್ ಮಾಡಿ ತೋರಿಸಿದಿರಿ. “ತಾತ, ನೋಡಿ, ಕೆಳಗೆ ಕಾರೆಲ್ಲ ತೇಲ್ತಿದೆ.” ಅದೇ ಟೀ ಬಣ್ಣದ ನೀರು. ನಿಮಗೆ ಅದು ತಮಾಷೆ. ನನಗೆ ಮಾತ್ರ, ಆ ನೀರಿನ ದಾರಿಗೆ ಯಾರು ಯಾರು ಏನೇನು ತುರುಕಿರಬಹುದು, ಕೆಳಗಿನ ಮನೆಗಳಲ್ಲಿ ಮಂಚದಡಿ ಏನಿರಬಹುದು ಎಂದು ನೆನೆದು ಉಗುರಿನ ಸಂದಿ ಉರಿಯಿತು.

ಅಂದು ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಸೂರು ಹಾರಲಿಲ್ಲ, ಗೋಡೆ ಉರುಳಲಿಲ್ಲ. ಪೊಲೀಸರು ಬರಲಿಲ್ಲ. ಚಿಕ್ಕಪ್ಪ ಊರಿಗೆ ಹಿಂದಿರುಗಲಿಲ್ಲ. ಒಂದು ಹೆಗ್ಗಣವನ್ನೂ ನಾನು ಕಣ್ಣಾರೆ ಕಾಣಲಿಲ್ಲ. ಶೆಟ್ಟಮ್ಮ ತವರಿಗೆ ಹೋಗಿಲ್ಲ, ಮಕ್ಕಳೇ. ಅಜ್ಜಿಯ ತುಳಸಿ ಗಿಡ ಇದ್ದ ಜಾಗದಲ್ಲಿ ಈಗ ಒಂದು ಕಾರು ನಿಲ್ಲುತ್ತದೆ. ಅವಳು ಅದರ ಕೆಳಗಿದ್ದಾಳೆ.