ಅಕ್ಕ ತಡವರಿಸದೆ ಓದಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ವಾಡಿಯಲ್ಲಿ ಒಂದು ಶಾಲೆಯಿತ್ತು ಮಕ್ಕಳೇ, ಒಂದೇ ಕೋಣೆಯ ಶಾಲೆ. ತಗಡಿನ ಸೂರು, ಸೆಗಣಿ ಸಾರಿಸಿದ ನೆಲ, ಬಾಗಿಲೆದುರು ಒಂದು ಬೇವಿನ ಮರ. ಗುಂಜೋಟಿಗೂ ಮುರುಮಕ್ಕೂ ನಡುವಿನ ಕಪ್ಪು ಹೊಲಗಳಲ್ಲಿ ಮೂವತ್ತು ಮನೆಗಳ ಊರು ನಮ್ಮದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಾಲ್ಕನೆಯ ಇಯತ್ತೆ, ಅಂದರೆ ನಿಮ್ಮ ನಾಲ್ಕನೆಯ ಕ್ಲಾಸಿನವರೆಗೆ ಎಲ್ಲರಿಗೂ ಒಬ್ಬರೇ ಗುರುಜಿ.

ನನ್ನ ಅಕ್ಕ ಆ ನಾಲ್ಕನ್ನೂ ಮುಗಿಸಿಬಿಟ್ಟಿದ್ದಳು. ಐದನೆಯದಕ್ಕೆ ಹಳ್ಳ ದಾಟಿ ಗುಂಜೋಟಿಗೆ ನಡೆಯಬೇಕು. ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರೂ ಕಳಿಸುತ್ತಿರಲಿಲ್ಲ. ಆದರೂ ಅಕ್ಕ ಶಾಲೆ ಬಿಡಲಿಲ್ಲ. ಸಂಜೆ ನಾವೆಲ್ಲ ಮನೆಗೆ ಓಡಿದ ಮೇಲೆ ಗುರುಜಿ ಅವಳನ್ನು ಹೊಸ್ತಿಲ ಬಳಿ ಕೂರಿಸಿಕೊಂಡು ಮುಂದಿನ ಪಾಠ ಹೇಳಿಕೊಡುತ್ತಿದ್ದರು. ಏಳನೆಯ ಇಯತ್ತೆಯ ಪರೀಕ್ಷೆಗೆ ಹೊರಗಿನಿಂದ ಕೂರಿಸುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದರು. ಏಳು ಪಾಸಾದರೆ ತಾನೂ ಶಾಲೆ ಕಲಿಸುವ ಅಕ್ಕೋರಾಗುತ್ತೇನೆ ಎಂದು ಅಕ್ಕ ರೊಟ್ಟಿ ಬಡಿಯುತ್ತಲೇ ನನಗೆ ಹೇಳುತ್ತಿದ್ದಳು.

ಅಂಥ ದಿನಗಳಲ್ಲಿ ತಾಲೂಕಿನಿಂದ ಒಂದು ಕಾಗದ ಬಂತು. ಸಾಹೇಬರು ಬಂದು ತಲೆ ಎಣಿಸುತ್ತಾರೆ, ಇಪ್ಪತ್ತು ಮಕ್ಕಳು ಎದುರಿಗೆ ಕೂತಿರಬೇಕು, ಇಲ್ಲದಿದ್ದರೆ ಶಾಲೆ ಮುಚ್ಚುತ್ತದೆ. ಹಾಜರಿ ಪುಸ್ತಕದಲ್ಲಿ ಸರಿಯಾಗಿ ಇಪ್ಪತ್ತು ಹೆಸರಿದ್ದವು. ಊರಿನಲ್ಲಿದ್ದವರು ಹದಿನಾಲ್ಕೇ ಮಂದಿ. ಉಳಿದ ಆರು ಮಕ್ಕಳು ಕಬ್ಬು ಕಡಿಯಲು ಹೋದ ತಾಯಿತಂದೆಯರ ಜೊತೆ ಮುರುಮದ ಕಡೆ ಹೋಗಿದ್ದರು.

ಸಾಹೇಬರು ಬರುವ ದಿನ ಬೆಳಕು ಹರಿಯುವ ಮೊದಲೇ ಅಪ್ಪ ಎತ್ತು ಹೂಡಿದ. ಹಣೆಯ ತುಂಬ ವಿಭೂತಿ, ಹೆಗಲಿಗೆ ಕಂಬಳಿ. ಗೆಳತಿಯ ಮುಖ ಕಂಡರೆ ಮಕ್ಕಳು ಬೇಗ ಗಾಡಿ ಹತ್ತುತ್ತಾರೆ ಎಂದು ನನ್ನನ್ನೂ ಕರೆದುಕೊಂಡ. ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ದಾರಿಯ ಎರಡೂ ಕಡೆ ಹಾಲುಗಾಳಿನ ಜೋಳ ಇಬ್ಬನಿಯಲ್ಲಿ ತೊಯ್ದು ತಲೆ ಬಾಗಿಸಿತ್ತು.

ಕಬ್ಬಿನ ಒಣಗಿದ ಎಲೆ ಹೊದಿಸಿದ ಗುಡಿಸಲುಗಳು ಹೊಲದ ಬದಿಯಲ್ಲಿ ಸಾಲಾಗಿದ್ದವು. ಹೊಗೆಯ ವಾಸನೆ, ಹಸಿ ಕಬ್ಬಿನ ವಾಸನೆ. ದೊಡ್ಡವರು ಆಗಲೇ ಕೊಯ್ತಕ್ಕೆ ಇಳಿದಿದ್ದರು. ನನ್ನ ವಾರಗೆಯ ಮಕ್ಕಳು ಕೂಸುಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಲೆಯ ಮುಂದೆ ನಿಂತಿದ್ದರು. ಅವರ ಕೈಮೇಲೆಲ್ಲ ಕಬ್ಬಿನ ಎಲೆ ಗೀರಿದ ಕೆಂಪು ಗೆರೆಗಳು. ಎರಡು ತಿಂಗಳ ಹಿಂದೆ ನನ್ನ ಜೊತೆ ಪಾಟಿ ಹಿಡಿದು ಕೂತವರು ಇವರೇನಾ ಎಂದು ನನಗೆ ಭಯವಾಯಿತು.

ಅಪ್ಪ ಒಬ್ಬೊಬ್ಬ ತಾಯಿಯ ಹತ್ತಿರವೂ ಹೋಗಿ ಕೈ ಮುಗಿದ. "ಒಂದ ದಿನ ಕೊಡ್ರೆವ್ವಾ. ನಾಳಿ ಮುಂಜಾನಿ ನಾನೇ ತಂದ ಬಿಡತೀನಿ. ಸಾಳಿ ಹೋತಂದ್ರ ಮತ್ತ ಬರಾಂಗಿಲ್ಲ."

"ಕೂಸಿಗಿ ಯಾರ ಹಿಡೀಬೇಕಣ್ಣಾ?" ಎಂದು ಒಬ್ಬಳು ಕೇಳಿದಳು. ಕೇಳಿದವಳೇ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಕುಡುಗೋಲು ಎತ್ತಿಕೊಂಡು, ಮಗನನ್ನು ಗಾಡಿಯ ಕಡೆ ತಳ್ಳಿದಳು. ಹೀಗೆ ಐದು ಮಕ್ಕಳು ಗಾಡಿ ಹತ್ತಿದರು. ಆರನೆಯವಳು ಮೂರನೆಯ ಇಯತ್ತೆಯ ಹುಡುಗಿ. ಗುಡಿಸಲೊಳಗೆ ಜ್ವರದಿಂದ ನಡುಗುತ್ತ ಮಲಗಿದ್ದಳು. ಅಪ್ಪ ಬಗ್ಗಿ ಅವಳ ಹಣೆ ಮುಟ್ಟಿ ನೋಡಿದ. ತನ್ನ ಕಂಬಳಿಯನ್ನು ಅವಳಿಗೆ ಹೊದಿಸಿ ಹೊರಗೆ ಬಂದ.

ನಾವು ಊರು ಮುಟ್ಟಿದಾಗ ಬಿಸಿಲೇರಿತ್ತು. ಗುರುಜಿ ಬೇವಿನ ಮರದ ಕೆಳಗೆ ನಿಂತು ಗಾಡಿಯಲ್ಲಿದ್ದವರನ್ನು ಬೆರಳಿನಿಂದ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಗ ಅಪ್ಪನೇ ಹೇಳಿದ, "ದೊಡ್ಡಾಕಿಗಿ ಕೂಡಸ್ರಿ ಗುರುಜಿ. ಆ ಹುಡಗಿ ಹೆಸರಿಗಿ ಹಾಜರಿ ಹೇಳತಾಳ."

ಗುರುಜಿ ಎಂದೂ ಸುಳ್ಳು ಬರೆದವರಲ್ಲ. ಅವತ್ತು ಹೂಂ ಎಂದು ತಲೆಯಾಡಿಸಿದರು. ಅಕ್ಕ ಎರಡು ಜಡೆ ಹಾಕಿಕೊಂಡು, ಮೊಣಕಾಲು ಮಡಚಿ, ಬೆನ್ನು ಬಗ್ಗಿಸಿ ಸಣ್ಣವಳಾಗಿ ನನ್ನ ಪಕ್ಕದಲ್ಲಿ ಕೂತಳು.

ಸಾಹೇಬರು ಸೈಕಲ್ಲಿನ ಮೇಲೆ ಬಂದರು. ಬಿಸಿಲಿಗೆ ಬೆವತಿದ್ದರು. ಅವ್ವ ತಂದುಕೊಟ್ಟ ಮಜ್ಜಿಗೆ ಕುಡಿದು ಹೆಸರು ಕೂಗತೊಡಗಿದರು. ಕಬ್ಬಿನ ಹೊಲದಿಂದ ಬಂದ ಐವರೂ ಗಟ್ಟಿಯಾಗಿ "ಹಾಜರ್" ಎಂದರು. ಜ್ವರದ ಹುಡುಗಿಯ ಹೆಸರು ಬಂದಾಗ ಅಕ್ಕನೂ "ಹಾಜರ್" ಎಂದಳು. ಇಪ್ಪತ್ತು! ಬಾಗಿಲಲ್ಲಿ ನಿಂತಿದ್ದ ಅಪ್ಪ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಸಾಹೇಬರು ಹೊರಡಬಹುದಿತ್ತು. ಆದರೆ ಒಬ್ಬೊಬ್ಬರಿಂದ ನಾಲ್ಕು ಸಾಲು ಓದಿಸಿದರು. ನಾನು ಮುಗ್ಗರಿಸುತ್ತ ಓದಿದೆ. ಹೊಲದಿಂದ ಬಂದವರಲ್ಲಿ ಒಬ್ಬನಿಗೆ ಅಕ್ಷರವೇ ಮರೆತುಹೋಗಿತ್ತು. ಆಮೇಲೆ ಅಕ್ಕನ ಸರದಿ. "ಬಾಳ, ವಾಚ" ಎಂದು ಮರಾಠಿಯಲ್ಲಿ ಓದಲು ಹೇಳಿ ಮೂರನೆಯ ಇಯತ್ತೆಯ ಪುಸ್ತಕ ಕೊಟ್ಟರು.

ಅಕ್ಕ ಓದಿದಳು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿಸಿ, ನೀರು ಹರಿದ ಹಾಗೆ ಓದಿದಳು. ನಾಲ್ಕು ಸಾಲು ಮುಗಿದರೂ ನಿಲ್ಲಿಸಲಿಲ್ಲ. ಬಗ್ಗಿಸಿದ್ದ ಬೆನ್ನು ಯಾವಾಗಲೋ ನೆಟ್ಟಗಾಗಿತ್ತು. ಸಾಹೇಬರ ಮುಖ ಅರಳಿತು. ತಮ್ಮ ಚೀಲದಿಂದ ಮಡಚಿದ ಪೇಪರು ತೆಗೆದು ಕೊಟ್ಟರು. ಅದನ್ನೂ ಓದಿದಳು. ಗುರುಜಿ ಕಣ್ಣು ಮುಚ್ಚಿಕೊಂಡರು.

ಸಾಹೇಬರು ಮೆಲ್ಲಗೆ ಕೇಳಿದರು, "ನಿನ್ನ ಖರೇ ಹೆಸರು ಏನವ್ವಾ?"

ಅಕ್ಕ ಒಮ್ಮೆ ಅಪ್ಪನ ಕಡೆ ನೋಡಿ, ತನ್ನ ಹೆಸರು ಹೇಳಿದಳು.

ಅಪ್ಪ ಒಳಗೆ ಬಂದು, ತಲೆಯ ರುಮಾಲು ತೆಗೆದು ಅವರ ಕಾಲ ಬಳಿ ಇಟ್ಟ. ಅವನು ಯಾರ ಮುಂದೆಯೂ ರುಮಾಲು ತೆಗೆದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ತಪ್ಪು ನಂದ್ರೀ ಸಾಹೇಬ್ರ. ಆದ್ರ ಹಿಂಗ ಓದೂ ಹುಡಗಿ ಈ ಸಾಳ್ಯಾಗೇ ನಾಲ್ಕೂ ಕಲತಾಳ್ರಿ. ಇದಕ ಮುಚ್ಚಬ್ಯಾಡ್ರಿ."

ಸಾಹೇಬರು ಕೆಟ್ಟವರಲ್ಲ. ರುಮಾಲು ಎತ್ತಿ ಅಪ್ಪನ ಕೈಗೆ ಕೊಟ್ಟರು. ಪೆನ್ನಿನ ಮುಚ್ಚಳ ತೆಗೆದರು. "ನಾಲ್ಕು ಮುಗಿಸಿದಾಕಿಗಿ ಎಣಸಾಕ ಬರಾಂಗಿಲ್ಲ. ಗೊತ್ತಾದ ಮ್ಯಾಲ ಹ್ಯಾಂಗ ಬರೀಲಿ? ನನಗೂ ಮ್ಯಾಲಿನವರು ಕೇಳತಾರ" ಎಂದು ಕನ್ನಡದಲ್ಲೇ ಹೇಳಿ, ಹತ್ತೊಂಬತ್ತು ಎಂದು ಬರೆದು ಸಹಿ ಮಾಡಿದರು.

ಅಕ್ಕ ಅಳಲಿಲ್ಲ. ಹೊಲಕ್ಕೆ ಹೋಗಿ ಅಟ್ಟಣಿಗೆ ಹತ್ತಿ, ಜೋಳಕ್ಕೆ ಬೀಳುವ ಹಕ್ಕಿಗಳ ಮೇಲೆ ಕವಣೆಯಿಂದ ಒಂದರ ಮೇಲೊಂದು ಕಲ್ಲು ಬೀಸತೊಡಗಿದಳು. ಇಳಿಹೊತ್ತಿಗೆ ಅಪ್ಪ ಅಲ್ಲಿಗೆ ಬಂದು ಅಟ್ಟಣಿಗೆಯ ಕಾಲು ಹಿಡಿದು ನಿಂತ. ಬೈಯಲಿಲ್ಲ. "ಒಂದೀಟು ತಡದು ತಡದು ಓದಬಾರದಿತ್ತೇನ ಮಗಾ?" ಎಂದ.

"ತಡೀಬೇಕಂತ್ಲೇ ಕೂತಿದ್ದೆಪ್ಪಾ," ಎಂದಳು ಅಕ್ಕ. "ಓದಕೋತ ಮರತ ಬಿಟ್ಟೆ."

ಆಗ ಅತ್ತಳು. ಕೆಳಗೆ ನಿಂತಿದ್ದ ಅಪ್ಪನೂ ಅತ್ತ.

ಮರುದಿನ ಅಪ್ಪ ಆ ಐದು ಮಕ್ಕಳನ್ನು ಮತ್ತೆ ಕಬ್ಬಿನ ಹೊಲಕ್ಕೆ ಬಿಟ್ಟುಬಂದ. ಅವರಲ್ಲಿ ಯಾರೂ ಆಮೇಲೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ತಿಂಗಳೊಳಗೆ ಶಾಲೆ ಮುಚ್ಚಿತು, ಗುರುಜಿಗೆ ಉದಗೀರದ ಕಡೆ ವರ್ಗವಾಯಿತು. ಹೋಗುವ ದಿನ ಅವರು ಅಕ್ಕನ ತಲೆಯ ಮೇಲೆ ಕೈಯಿಟ್ಟು ಹೊರಟರು. ಶಾಲೆಯ ಕೋಣೆಯಲ್ಲಿ ಯಾರೋ ದನದ ಮೇವಿಗೆ ಜೋಳದ ಕಣಿಕೆ ಒಟ್ಟಿದರು. ಒಂದು ವರ್ಷದ ಮೇಲೆ ನನ್ನನ್ನು ಗುಂಜೋಟಿಯ ಸೋದರಮಾವನ ಮನೆಯಲ್ಲಿ ಬಿಟ್ಟರು. ಅವರ ಮನೆಯಲ್ಲಿ ಒಬ್ಬಳಿಗೆ ಮಾತ್ರ ಜಾಗವಿತ್ತು, ನಮ್ಮ ಮನೆಯಲ್ಲಿ ಕೆಲಸಕ್ಕೆ ದೊಡ್ಡವಳು ಬೇಕಿತ್ತು. ಹೀಗೆ ಮುಗ್ಗರಿಸಿ ಓದುವ ನಾನು ಏಳನೆಯವರೆಗೆ ಕಲಿತೆ. ಅಕ್ಕನನ್ನು ಹದಿನೈದು ತುಂಬುವಷ್ಟರಲ್ಲಿ ವಲಾಂಡಿಗೆ ಮದುವೆ ಮಾಡಿಕೊಟ್ಟರು. ಅವಳು ಅಕ್ಕೋರಾಗುವ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನಾನೂ ಕೇಳಲಿಲ್ಲ, ಧೈರ್ಯವಾಗಲಿಲ್ಲ.

ಉಮರ್ಗಾದ ಈ ಮನೆಯ ಬಾಗಿಲಿಗೇ ಈಗ ನಿಮ್ಮ ಶಾಲೆಯ ವ್ಯಾನು ಬರುತ್ತದೆ. ಒಂದೊಂದು ಪಾಠಕ್ಕೆ ಒಬ್ಬೊಬ್ಬ ಟೀಚರು. ಮಳೆ ಬಂದು ರಜೆ ಸಿಕ್ಕರೆ ಕುಣಿಯುತ್ತೀರಿ. ಕುಣಿಯಿರಿ, ನನಗೇನೂ ಬೇಸರವಿಲ್ಲ. ಮೊನ್ನೆ ನಿಮ್ಮಲ್ಲಿ ಸಣ್ಣವಳು ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದಿದಳೆಂದು ಟೀಚರು ಅವಳ ಅಂಗೈ ಮೇಲೆ ಕೆಂಪು ನಕ್ಷತ್ರ ಬರೆದು ಕಳಿಸಿದ್ದರು. ಮನೆಯವರಿಗೆಲ್ಲ ಅದನ್ನು ತೋರಿಸುತ್ತ ಈ ಅಜ್ಜಿಯ ಹತ್ತಿರವೂ ಓಡಿ ಬಂದಳು. ನಾನು ಆ ಕೈ ಹಿಡಿದುಕೊಂಡವಳು ಎಷ್ಟು ಹೊತ್ತಾದರೂ ಬಿಡಲಿಲ್ಲ. "ಆಯಿ, ಯಾಕ ಅಳತಿ? ಛಲೋ ಓದೀನಿ ಅಂತ ಕೊಟ್ಟಾರ ಇದು" ಎಂದು ಅವಳು ನನಗೆ ತಿಳಿಸಿ ಹೇಳಿದಳು.