ಸೀರೆ ಅಂಚಿನ ರಸ್ತೆ

ಸರ್ಕಾರ ಕೂಲಿ ಕೊಟ್ಟು ಮೊಳಕಾಲ್ಮೂರಿನಿಂದ ಚಳ್ಳಕೆರೆಯ ಕಡೆಗೆ ರಸ್ತೆ ಹಾಕಿಸುವಾಗ ಅಲ್ಲಿ ಒಬ್ಬರು ಮೇಸ್ತ್ರಿ ಇದ್ದರು. ರೇಷ್ಮೆ ಸೀರೆ ನೇಯುತ್ತಿದ್ದ ಮಗ್ಗ ನಿಂತುಹೋಗಿದ್ದರಿಂದ ನಮ್ಮವ್ವ ಜಲ್ಲಿ ಒಡೆಯಲು ಹೋದಳು. ಆ ಕೂಲಿಯೇ ನಮ್ಮ ಊಟ. ಮೊದಲ ದಿನವೇ ಅಂಗೈಯಲ್ಲಿ ಬೊಬ್ಬೆ ಎದ್ದವು.

"ರೇಷ್ಮೆ ಕೈಗೆ ಕಲ್ಲು ಬೇಕಿತ್ತಾ?" ಎಂದು ಜೊತೆಯವರು ನಕ್ಕರು.

ಮೇಸ್ತ್ರಿ ಅವ್ವನ ಸುತ್ತಿಗೆ ಇಸಿದುಕೊಂಡು, ರಸ್ತೆಯ ಅಂಚು ಗುರುತಿಸುವ ದಾರದ ಉಂಡೆ ಕೊಟ್ಟರು. "ಎಳೆ ಸೊಟ್ಟಾದ್ರೆ ನಿಂಗೆ ಗೊತ್ತಾಗ್ತೈತೆ. ನೀನು ಎಳಿಯವ್ವ, ನಾವು ಕಲ್ಲು ಕೂರಿಸ್ತೀವಿ."

ಆಮೇಲೆ ದಿನವೂ ಒಂದು ಕಣ್ಣು ಮುಚ್ಚಿ ದಾರದುದ್ದಕ್ಕೂ ನೋಡಿ, "ಸೀರೆ ಅಂಚು ಇದ್ದಂಗೈತೆ ಕಣ್ರಲೇ!" ಎನ್ನುತ್ತಿದ್ದರು.

ಹೋದ ವಾರ ಅವರು ತೀರಿಕೊಂಡರು. ಅದೇ ರಸ್ತೆಯಲ್ಲಿ ಹೊತ್ತೊಯ್ದೆವು. ಮುದುಕಿಯಾದ ಅವ್ವ ಬದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ರಸ್ತೆಯುದ್ದಕ್ಕೂ ನೋಡಿದಳು.

"ಇನ್ನೂ ಸೀರೆ ಅಂಚು ಇದ್ದಂಗೇ ಐತೆ, ಮೇಸ್ತ್ರೀ," ಎಂದಳು.