ಎರಡು ಹಿಡಿ ಪುಂಡಿ ಬೀಜ

"ಸಿಮೆಂಟ್ ಕುಡಿದ ಮಣ್ಣದ ಅಕ್ಕಾ ಇದು. ಪುಂಡಿ ಏನು, ಹುಲ್ಲೂ ಬರಂಗಿಲ್ಲ," ಎಂದು ಮೊದಲು ಹೇಳಿದವನು ನನ್ನ ಸೋದರಮಾವ ಶರಣಪ್ಪ. ಈಗಲೂ ಎಲ್ಲಾದರೂ ಪುಂಡಿಸೊಪ್ಪು ಬೇಯುವ ಹುಳಿವಾಸನೆ ಬಂದರೆ ಪುಣೆಯ ಹಡಪಸರದ ಆ ತಗಡಿನ ಶೆಡ್ಡು, ಹಿಂದಿನ ಪಾತಿ, ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತ ಅವ್ವ, ಎಲ್ಲ ಕಣ್ಣೆದುರು ಬರುತ್ತವೆ. ನಾವು ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಒಂದು ಕಟ್ಟಡ ಮುಗಿದರೆ ಶೆಡ್ಡು ಕಿತ್ತು ಇನ್ನೊಂದು ಕಡೆ ನಡೆಯಬೇಕು. ಊರಿಂದ ತಂದ ಪುಂಡಿಯನ್ನು ಅವ್ವ ಹೋದಲ್ಲೆಲ್ಲ ಬಿತ್ತುತ್ತಿದ್ದಳು. ಬೀಜ ಕಟ್ಟುವ ಮೊದಲೇ ಬಿಟ್ಟು ಹೊರಡುತ್ತಿದ್ದೆವು. ನಾನೂ ಹಾಗೆಯೇ, ಶಾಲೆಯಿಂದ ಶಾಲೆಗೆ.

ನಾನು ಹತ್ತನೆಯ ತರಗತಿಗೆ ಬಂದಾಗ ಅವ್ವನ ಗಂಟಿನಲ್ಲಿ ಉಳಿದಿದ್ದದ್ದು ಎರಡೇ ಹಿಡಿ ಬೀಜ. ಮೊದಲ ಹಿಡಿ ಮೊಳೆತು ಸುಟ್ಟುಹೋಯಿತು. ಸ್ಲ್ಯಾಬಿಗೆ ಹಾಕಿದ ನೀರು ಸಿಮೆಂಟು ತೊಳೆದುಕೊಂಡು ಪಾತಿಗೇ ಹರಿದಿತ್ತು. ಮಾವ ನಕ್ಕ. ಅವ್ವ ಆ ಮಣ್ಣನ್ನೆಲ್ಲ ಅಗೆದು ಹಾಕಿ, ಕಾಲುವೆ ದಂಡೆಯ ಕಪ್ಪು ಮಣ್ಣನ್ನು ಪುಟ್ಟಿಯಲ್ಲಿ ಹೊತ್ತು ತಂದು, ದೀಪಾವಳಿಗೆ ಮುಂಚೆ ಉಳಿದ ಹಿಡಿ ಬಿತ್ತಿದಳು. ಈ ಸಲ ಗಿಡ ನಿಂತವು. "ಇವು ಬೀಜಕ್ಕ ಅದಾವ. ಯಾರರೆ ಕೈ ಹಚ್ಚಿದ್ರ ನೋಡ್ರಿ ಮತ್ತ," ಎಂದು ನಮ್ಮ ಬಾಯಿಗೂ ಬೇಲಿ ಹಾಕಿದಳು.

ಗಿಡ ಹೂ ಬಿಡುವ ಹೊತ್ತಿಗೇ ಕಟ್ಟಡ ಮುಗಿಯಿತು. ಭೋರ್ ಎಂಬ ಊರಿನ ಹೊಸ ಕಟ್ಟಡದ ಕೆಲಸಕ್ಕೆ ಎಲ್ಲರನ್ನೂ ಒಯ್ಯಲು ಟೆಂಪೊ ಬಂದು ನಿಂತಿತು.

"ಬೀಜ ಒಣಗೂ ತನಕ ನಾ ಬರಂಗಿಲ್ಲ," ಎಂದಳು ಅವ್ವ.

"ನಾಕು ಗಿಡಕ್ಕ ಕೂಲಿ ಬಿಡ್ತೀ? ತಲಿ ಕೆಟ್ಟದೇನ ನಿನಗ?" ಎಂದ ಮಾವ.

"ಪೋರಿ ಪರೀಕ್ಷಾನೂ ಅಷ್ಟೊತ್ತಿಗೇ ಮುಗೀತದ. ನೀ ನಡಿ."

ಅಪ್ಪ, ಮಾವ ಹೋದರು. ಶೆಡ್ಡಿನ ತಗಡುಗಳೂ ಟೆಂಪೊ ಹತ್ತಿದವು. ನಾವಿಬ್ಬರು ತಾಡಪತ್ರಿಯ ಕೆಳಗೆ ಉಳಿದೆವು. ಅವ್ವ ಹತ್ತಿರದ ಮನೆಗಳಲ್ಲಿ ಪಾತ್ರೆ ತಿಕ್ಕಿದಳು, ನಾನು ಪಾತಿಯ ಪಕ್ಕ ಕೂತು ಓದಿದೆ. ಬಿಸಿಲು ಏರಿದಂತೆ ಕಾಯಿ ಒಣಗಿದವು. ನನ್ನ ಕೊನೆಯ ಪೇಪರಿನ ದಿನವೇ ಅವ್ವ ಬೀಜ ಬಡಿದು, ಕೇರಿ, ಸೆರಗಿಗೆ ತುಂಬಿಕೊಂಡಳು.

ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಅವ್ವನೂ ಇಲ್ಲ. ಆದರೆ ನಮ್ಮ ಮನೆತನದಲ್ಲೇ ಮೊದಲಿಗಳಾಗಿ ಬಿ.ಎಸ್ಸಿ. ಮುಗಿಸಿ, ಪ್ರಮಾಣಪತ್ರ ತಂದು ಕೈಗಿಟ್ಟ ದಿನ ಅವಳಿದ್ದಳು. ಅದನ್ನು ಹಿಂದೆ ಮುಂದೆ ತಿರುಗಿಸಿ, "ನಿನ್ನ ಹೆಸರು ಎಲ್ಲದ?" ಎಂದಳು. ಅವಳ ಬೆರಳು ಹಿಡಿದು ಅದರ ಮೇಲಿಟ್ಟೆ.

"ಇಷ್ಟ ಸಣ್ಣಂಗ ಬರದಾರೇನ?" ಎಂದಳು. "ದೊಡ್ಡದು ಬರೀರಿ ಅಂತ ಹೇಳಬೇಕಿಲ್ಲೇನ, ಹುಚ್ಚಿ!"